ಗ್ಯಾಸ್ ಇಂಜೆಕ್ಟರ್‌ಗೆ ಜಿಡ್ಡು ಕೂರದಂತೆ ನೋಡಿಕೊಳ್ಳುವ ಬಗೆ

“ಪೆಟ್ರೋಲ್‌ನಾಗ ಚೆಂದ ಓಡ್ತೈತಿ ಅಣ್ಣಾ, ಗ್ಯಾಸಿಗೆ ಹಾಕಿದ್ರ ಮಿಸ್ಸಿಂಗ್ ಹೊಡೀತೈತಿ.” ಬಳ್ಳಾರಿ, ಕೊಪ್ಪಳ, ರಾಯಚೂರು, ಎಲ್ಲಿಯ ಗ್ಯಾರೇಜಿಗೆ ಹೋದರೂ ಕಿವಿಗೆ ಬೀಳುವ ದೂರು ಇದು. ಮುಂಜಾನೆ ಮೊದಲ ಸ್ಟಾರ್ಟಿನಲ್ಲಿ ಗಾಡಿ ಎಳೆದಾಡುತ್ತದೆ, ನಿಂತರೆ ಐಡ್ಲಿಂಗ್ ಕುಣಿಯುತ್ತದೆ, ಹೈವೇ ಹಿಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಪ್ಲಗ್ ಹಾಕಿಸಿ, ಕಾಯಿಲ್ ಹಾಕಿಸಿ, ಕೊನೆಗೆ ಇಂಜೆಕ್ಟರ್ ರೇಲ್ (ಎಂಜಿನ್ನಿಗೆ ಗ್ಯಾಸ್ ಅಳೆದು ಬಿಡುವ ಇಂಜೆಕ್ಟರ್‌ಗಳ ಸಾಲು) ಬಿಚ್ಚಿ ತೊಳೆದಾಗ ಸರಿಹೋಗುತ್ತದೆ. ಮೂರು ತಿಂಗಳಿಗೆ ಮತ್ತದೇ ಕಥೆ. ಯಾಕೆಂದರೆ ಆ ಜಿಡ್ಡು ಇಂಜೆಕ್ಟರ್‌ನಲ್ಲಿ ಹುಟ್ಟಿದ್ದಲ್ಲ. ಗ್ಯಾಸ್ ತುಂಬಿಸಿದ ಜಾಗ, ಬಿಸಿಯಾಗದ ರೆಡ್ಯೂಸರ್ (ಟ್ಯಾಂಕಿನಿಂದ ಬಂದ ಗ್ಯಾಸಿನ ಒತ್ತಡ ಇಳಿಸಿ ಮುಂದೆ ಬಿಡುವ ಸಾಧನ), ಅಗ್ಗದ ಹೋಸ್ ಪೈಪ್, ಈ ಮೂರು ಕಡೆಯಿಂದ ಬಂದು ಅಲ್ಲಿ ಕೂತದ್ದು. ಬರುವ ದಾರಿಯಲ್ಲೇ ಅದನ್ನು ತಡೆಯಬೇಕು.

ಇಲ್ಲಿ ಹೇಳುವುದು ಪೆಟ್ರೋಲ್ ಕಾರಿಗೆ ಹಾಕಿಸಿದ ಸೀಕ್ವೆನ್ಶಿಯಲ್ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಸರದಿಯಂತೆ ಗ್ಯಾಸ್ ಬಿಡುವ) ಎಲ್‌ಪಿಜಿ, ಸಿಎನ್‌ಜಿ ಕಿಟ್‌ಗಳ ಬಗ್ಗೆ. ಗಾಳಿಯ ದಾರಿಯಲ್ಲೇ ಗ್ಯಾಸ್ ಬೆರೆಸುವ ಮಿಕ್ಸರ್ ಇರುವ ಹಳೇ ಆಟೋಗಳಲ್ಲಿ ಇಂಜೆಕ್ಟರ್ ಇರುವುದಿಲ್ಲ. ಆದರೂ ರೆಡ್ಯೂಸರ್, ಫಿಲ್ಟರ್, ಹೋಸ್ ಬಗ್ಗೆ ಬರೆದದ್ದರಲ್ಲಿ ಬಹಳಷ್ಟು ಅವಕ್ಕೂ ಹೊಂದುತ್ತದೆ; ಗಾಳಿಯಿಂದ ತಣಿಯುವ ಎಂಜಿನ್ನಿಗೆ ಬಿಸಿನೀರಿನ ಮಾತು ಮಾತ್ರ ಹೊಂದುವುದಿಲ್ಲ.

ಐಡ್ಲಿಂಗ್‌ನಲ್ಲೇ ಮೊದಲು ಗೊತ್ತಾಗುವುದಕ್ಕೆ ಕಾರಣವಿದೆ. ಕಿಟ್‌ಗಳಲ್ಲಿ ಹೆಚ್ಚಾಗಿ ಕಾಣುವ ರೇಲ್ ಇಂಜೆಕ್ಟರ್ ಎಂದರೆ ಒಂದು ಕಾಯಿಲ್, ಅದರೊಳಗೆ ಮೇಲೆ ಕೆಳಗೆ ಆಡುವ ಕಬ್ಬಿಣದ ಪುಟ್ಟ ಪಿಸ್ಟನ್, ಪಿಸ್ಟನ್ ತುದಿಗೆ ರಬ್ಬರ್, ಹೊರಗೆ ಹಿತ್ತಾಳೆ ನಾಝಲ್. ಪಿಸ್ಟನ್ ಏಳುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ 5 ಮಿಲಿಸೆಕೆಂಡ್ ತೆರೆಯುತ್ತದೆ ಎಂದುಕೊಳ್ಳಿ. ಅಂಟು ಹಿಡಿದು ಅರ್ಧ ಮಿಲಿಸೆಕೆಂಡ್ ತಡವಾಗಿ ಎದ್ದರೆ ಹತ್ತರಲ್ಲಿ ಒಂದು ಪಾಲು ಗ್ಯಾಸ್ ಖೋತಾ. ಲೋಡಿನಲ್ಲಿ 15 ಮಿಲಿಸೆಕೆಂಡ್ ತೆರೆದಿರುವಾಗ ಅದೇ ಅರ್ಧ ಮಿಲಿಸೆಕೆಂಡ್ ಲೆಕ್ಕಕ್ಕೆ ಬರುವುದಿಲ್ಲ. ಪ್ಲಗ್ ದೋಷ ಇದಕ್ಕೆ ಉಲ್ಟಾ: ಗ್ಯಾಸಿಗೆ ಪೆಟ್ರೋಲ್‌ಗಿಂತ ಬಲವಾದ ಕಿಡಿ ಬೇಕು, ಹಾಗಾಗಿ ಸವೆದ ಪ್ಲಗ್ ಏರು ಹತ್ತುವಾಗ, ಎಕ್ಸಲರೇಟರ್ ಒತ್ತಿದಾಗ ಕೈಕೊಡುತ್ತದೆ. ತಣ್ಣಗಿದ್ದಾಗ, ನಿಂತಾಗ ಮಿಸ್ ಆದರೆ ಇಂಜೆಕ್ಟರ್ ಕಡೆ ನೋಡಿ. ಎಳೆಯುವಾಗ ಮಿಸ್ ಆದರೆ ಪ್ಲಗ್ ಮೊದಲು ನೋಡಿ.

ಎಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ ಗಾಡಿ ಮಿಸ್ ಹೊಡೆಯುವ ಮೊದಲೇ ಹಿಡಿಯಬಹುದು. ಬಿಸಿ ಎಂಜಿನ್‌ನಲ್ಲಿ ಪೆಟ್ರೋಲ್ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಧನ ಹೆಚ್ಚು ಕಡಿಮೆಯಾದಾಗ ಕಂಪ್ಯೂಟರ್ ಮಾಡಿಕೊಳ್ಳುವ ತಿದ್ದುಪಡಿ, ಶೇಕಡಾ ಲೆಕ್ಕದಲ್ಲಿ) ಬರೆದಿಟ್ಟುಕೊಳ್ಳಿ. ಗ್ಯಾಸಿಗೆ ಹಾಕಿ 10–15 ನಿಮಿಷ ಓಡಿಸಿ ಮತ್ತೆ ನೋಡಿ. ಗ್ಯಾಸಿನಲ್ಲಿ 10 ಶೇಕಡಾಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ಸರಿದಿದ್ದರೆ ಗ್ಯಾಸ್ ಕಡಿಮೆ ಬರುತ್ತಿದೆ ಎಂದರ್ಥ: ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಜೆಕ್ಟರ್ ಅಂಟುತ್ತಿದೆ.

ರೆಡ್ಯೂಸರ್ ಬಿಸಿಯಾಗಿರಬೇಕು

ಎಲ್‌ಪಿಜಿ ಟ್ಯಾಂಕಿನಲ್ಲಿ ದ್ರವವಾಗಿರುತ್ತದೆ. ರೆಡ್ಯೂಸರ್‌ನಲ್ಲಿ ಅದು ಆವಿಯಾಗಬೇಕಾದರೆ ಎಂಜಿನ್ನಿನ ಬಿಸಿನೀರು ಬೇಕು. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಯ ಹತ್ತಿರ. ಆದರೆ ಗ್ಯಾಸಿನ ಜೊತೆ ಪಂಪ್ ಮತ್ತು ಕಂಪ್ರೆಸರ್ ಎಣ್ಣೆ, ರಬ್ಬರ್‌ನಿಂದ ಕರಗಿ ಬಂದ ಜಿಡ್ಡು ಸ್ವಲ್ಪ ಸ್ವಲ್ಪ ಬಂದೇ ಬರುತ್ತದೆ. ಅದು ಆ ಬಿಸಿಗೆ ಆವಿಯಾಗುವಂಥದ್ದಲ್ಲ. ರೆಡ್ಯೂಸರ್ ಬಿಸಿಯಾಗಿದ್ದರೆ ಗ್ಯಾಸ್ ಪೂರ್ತಿ ಆವಿಯಾಗಿ ಮುಂದೆ ಹೋಗುತ್ತದೆ, ಜಿಡ್ಡು ತಳದಲ್ಲಿ ಉಳಿಯುತ್ತದೆ. ತಣ್ಣಗಿದ್ದರೆ ಗ್ಯಾಸೇ ಸಣ್ಣ ಹನಿಗಳಾಗಿ ಮುಂದೆ ಹಾರುತ್ತದೆ, ಜಿಡ್ಡನ್ನೂ ಹೊತ್ತುಕೊಂಡೇ ಹೋಗುತ್ತದೆ. ಹನಿ ಇಂಜೆಕ್ಟರ್ ತಲುಪಿ ಆವಿಯಾದಾಗ ಜಿಡ್ಡು ಪಿಸ್ಟನ್‌ಗೆ ಅಂಟಿಕೊಳ್ಳುತ್ತದೆ.

40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ರೆಡ್ಯೂಸರ್ ತಣ್ಣಗಾಗುವುದು ಹೇಗೆ ಎಂದು ಕೇಳಬಹುದು. ಆ ಬಿಸಿಲೇ ಕಾರಣ. ಬೇಸಿಗೆಯಲ್ಲಿ ಗಾಡಿ ಹೀಟ್ ಆಗುತ್ತದೆ ಎಂದು ಎಂಜಿನ್ನಿನ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕುವ ರೂಢಿ ಇದೆ. ಇದರಷ್ಟು ಗ್ಯಾಸ್ ಗಾಡಿಯನ್ನು ಹಾಳುಮಾಡುವ ಕೆಲಸ ಇನ್ನೊಂದಿಲ್ಲ. ಆ ವಾಲ್ವ್ ಸಾಮಾನ್ಯವಾಗಿ 82–88 ಡಿಗ್ರಿಗೆ ತೆರೆಯುವಂಥದ್ದು. ಅದಿಲ್ಲದಿದ್ದರೆ ನೀರು ಮೊದಲಿನಿಂದಲೇ ರೇಡಿಯೇಟರ್‌ಗೆ ಸುತ್ತುತ್ತಿರುತ್ತದೆ. ಡಿಸೆಂಬರ್ ಮುಂಜಾನೆ ರಾಯಚೂರಿನಿಂದ ಮಾನ್ವಿಗೆ ಹೊರಟ ಗಾಡಿ ಊರು ದಾಟಿದರೂ ಬಿಸಿ ಹಿಡಿಯುವುದಿಲ್ಲ. ಹೀಟ್ ಆಗುತ್ತಿದ್ದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ನೋಡಿಸಿ. ಕಿತ್ತ ವಾಲ್ವನ್ನು ಇವತ್ತೇ ಹಾಕಿಸಿ.

ಎರಡನೆಯ ಕಾರಣ ಬೋರ್‌ವೆಲ್ ನೀರು. ನಮ್ಮ ಕಡೆಯ ಗಡಸು ನೀರನ್ನು ರೇಡಿಯೇಟರ್‌ಗೆ ಸುರಿದರೆ ಸ್ಟವ್ ಮೇಲಿನ ನೀರು ಕಾಯಿಸುವ ಪಾತ್ರೆಗೆ ಬಿಳಿ ಪದರ ಹಿಡಿಯುವಂತೆಯೇ ರೆಡ್ಯೂಸರ್ ಒಳದಾರಿಗೂ ಹಿಡಿಯುತ್ತದೆ. ಆ ಪದರ ಬಿಸಿಯನ್ನು ಗ್ಯಾಸಿಗೆ ದಾಟಗೊಡುವುದಿಲ್ಲ. ಬೆರೆಸಿ ಬರುವ ರೆಡಿ ಕೂಲೆಂಟ್ ಹಾಕಿ, ಇಲ್ಲವೇ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ ಹಾಕಿ.

ಪರೀಕ್ಷೆ ಸುಲಭ. ಗಾಡಿ 10 ನಿಮಿಷ ಓಡಿಸಿ, ರೆಡ್ಯೂಸರ್‌ಗೆ ಬರುವ ಮತ್ತು ಅಲ್ಲಿಂದ ಹೋಗುವ ಎರಡೂ ನೀರಿನ ಹೋಸನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಎರಡೂ ಬಿಸಿ ಇರಬೇಕು. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಒಳಗೆ ಕಟ್ಟಿಕೊಂಡಿದೆ, ಇಲ್ಲವೇ ಏರ್ ಸಿಕ್ಕಿಕೊಂಡಿದೆ. ರೆಡ್ಯೂಸರ್ ಮೈ ಬೆವರಿದ್ದರೆ, ಮಂಜು ಕಟ್ಟಿದ್ದರೆ ಮತ್ತೇನೂ ಪರೀಕ್ಷೆ ಬೇಡ. ಪೆಟ್ರೋಲ್‌ನಿಂದ ಗ್ಯಾಸಿಗೆ ಬದಲಾಗುವ ತಾಪಮಾನವನ್ನು ಸಾಫ್ಟ್‌ವೇರ್‌ನಲ್ಲಿ 40–45 ಡಿಗ್ರಿಗೆ ಇಡಿಸಿ. ಪೆಟ್ರೋಲ್ ಉಳಿಸಲು 20ಕ್ಕೆ ಇಳಿಸಿಕೊಡಿ ಎಂದು ಕೇಳುವವರಿದ್ದಾರೆ. ಉಳಿದ ಪೆಟ್ರೋಲ್ ದುಡ್ಡು ರೇಲ್ ರಿಪೇರಿಗೆ ಹೋಗುತ್ತದೆ.

ಗ್ಯಾಸ್ ತುಂಬಿಸುವುದು, ಹೋಸ್ ಪೈಪ್

ಅಡುಗೆ ಸಿಲಿಂಡರ್‌ನಿಂದ ಗಾಡಿಗೆ ಗ್ಯಾಸ್ ಹೊಡೆಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಇಂಜೆಕ್ಟರ್ ಲೆಕ್ಕದಲ್ಲೂ ಅದು ಅಷ್ಟೇ ಕೆಟ್ಟದ್ದು. 14.2 ಕೆ.ಜಿ. ಸಿಲಿಂಡರನ್ನು ತಲೆಕೆಳಗು ಮಾಡಿದಾಗ ತಳದಲ್ಲಿ ಕೂತ ತುಕ್ಕಿನ ಪುಡಿ, ಎಣ್ಣೆ ಎಲ್ಲ ಮೊದಲು ಇಳಿಯುತ್ತದೆ. ಪಂಪಿನ ಎಣ್ಣೆ, ಸಾದಾ ರಬ್ಬರ್ ಪೈಪಿನ ಜಿಡ್ಡು ಅದಕ್ಕೆ ಸೇರುತ್ತದೆ. ಬಂಕಿನಲ್ಲಿ ಸಿಗುವ ಆಟೋ ಎಲ್‌ಪಿಜಿಗೆ ಬೇರೆಯದೇ ಮಾನಕ ಇದೆ, ಐಎಸ್ 14861.

ಬಂಕಿನಲ್ಲಿ ತುಂಬಿಸಿದರೂ ಒಂದು ಸಣ್ಣ ಸಾಮಾನು ನೋಡಿ: ಫಿಲ್ಲಿಂಗ್ ವಾಲ್ವ್ ಮೇಲಿನ ಮುಚ್ಚಳ. ಅನೇಕ ಗಾಡಿಗಳಲ್ಲಿ ಅದು ಕಳೆದೇ ಹೋಗಿರುತ್ತದೆ. ಸಂಡೂರು–ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು, ಶಕ್ತಿನಗರ ಕಡೆಯ ಹಾರುಬೂದಿ ಆ ತೂತಿನಲ್ಲಿ ಕೂರುತ್ತದೆ. ಮುಂದಿನ ಸಲ ಗ್ಯಾಸ್ ಹೊಡೆದಾಗ ಒತ್ತಡದ ಜೊತೆ ನೇರ ಟ್ಯಾಂಕಿಗೆ. ಗಿಣಿಗೇರಾ ಸುತ್ತಿನ ಸ್ಪಾಂಜ್ ಐರನ್ ಧೂಳಂತೂ ಅಯಸ್ಕಾಂತಕ್ಕೆ ಅಂಟುವ ಜಾತಿ. ಇಂಜೆಕ್ಟರ್ ಕಾಯಿಲ್ ಕೆಲಸ ಮಾಡುವುದೇ ಅಯಸ್ಕಾಂತವಾಗಿ, ಆದ್ದರಿಂದ ಆ ಪುಡಿ ಹೋಗಿ ಸೇರುವುದು ಪಿಸ್ಟನ್ ಬುಡಕ್ಕೇ. ಮುಚ್ಚಳ ಹಾಕಿಸಿ. ತುಂಬಿಸುವ ಮುನ್ನ ವಾಲ್ವಿನ ಬಾಯಿಯನ್ನು ಒಣ ಬಟ್ಟೆಯಿಂದ ಒರೆಸಲು ಹೇಳಿ.

ಹೋಸ್ ವಿಷಯದಲ್ಲಿ ಉಳಿತಾಯ ಬೇಡ. ನೀರಿನ ಹೋಸ್, ವ್ಯಾಕ್ಯೂಮ್ ಪೈಪನ್ನು ಗ್ಯಾಸ್ ದಾರಿಗೆ ಹಾಕಿದರೆ ರಬ್ಬರ್ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ವಸ್ತುವನ್ನು ಗ್ಯಾಸ್ ತೊಳೆದು ತರುತ್ತದೆ. ಆಮೇಲೆ ಹೋಸ್ ಬಿರುಸಾಗಿ ಒಳಗೋಡೆ ಉದುರುತ್ತದೆ. ಎಲ್‌ಪಿಜಿ ಹೋಸ್ ಮೇಲೆ 67ಆರ್, ಸಿಎನ್‌ಜಿ ಹೋಸ್ ಮೇಲೆ 110ಆರ್ ಗುರುತು ಇದೆಯೇ ನೋಡಿ ಕೊಳ್ಳಿ. ಕೂರಿಸುವಾಗ ರೆಡ್ಯೂಸರ್ ಕೆಳಗೆ, ರೇಲ್ ಮೇಲೆ ಇರಲಿ. ನಡುವಿನ ಹೋಸ್ ಜೋತು ಬಿದ್ದು ಹೊಟ್ಟೆ ಬಿಡಬಾರದು, ಆ ಹೊಟ್ಟೆಯಲ್ಲೇ ಎಣ್ಣೆ ನಿಲ್ಲುತ್ತದೆ.

ಜಿಡ್ಡು ಇಳಿಸುವುದು

ಎಲ್‌ಪಿಜಿ ರೆಡ್ಯೂಸರ್ ತಳದ ಡ್ರೈನ್ ಪ್ಲಗ್ ಇರುವುದೇ ಇದಕ್ಕೆ. ಆದರೆ ಎಷ್ಟೋ ಗಾಡಿಗಳಲ್ಲಿ ಕಿಟ್ ಹಾಕಿದ ದಿನದಿಂದ ಅದಕ್ಕೆ ಪಾನಾ ಮುಟ್ಟಿರುವುದಿಲ್ಲ. 5,000 ಕಿ.ಮೀ.ಗೊಮ್ಮೆ ಬಿಚ್ಚಿ ಇಳಿಸಿ. ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು, ತಣ್ಣಗಿದ್ದರೆ ಜಿಡ್ಡು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಇಳಿಯುವುದೇ ಇಲ್ಲ. ಬಯಲಿನಲ್ಲಿ ನಿಲ್ಲಿಸಿ. ಹತ್ತಿರ ವೆಲ್ಡಿಂಗ್, ಬೀಡಿ, ಸ್ಟವ್ ಯಾವುದೂ ಇರಬಾರದು. ಟ್ಯಾಂಕ್ ಮೇಲಿನ ಕೈ ವಾಲ್ವ್ ಮುಚ್ಚಿ, ಎಂಜಿನ್ ಗ್ಯಾಸಿನಲ್ಲೇ ಓಡಲಿ. ಪೈಪಿನಲ್ಲಿ ಉಳಿದ ಗ್ಯಾಸ್ ಮುಗಿದು ತಾನೇ ಪೆಟ್ರೋಲ್‌ಗೆ ಬದಲಾದ ಮೇಲೆ ಕೀ ತೆಗೆದು, ಬ್ಯಾಟರಿ ಮೈನಸ್ ಬಿಚ್ಚಿ. ಕೆಳಗೆ ಡಬ್ಬಿ ಇಟ್ಟು ಪ್ಲಗ್ಗನ್ನು ನಿಧಾನ ಸಡಿಲಿಸಿ. ಪುಸ್ ಎಂದು ಉಳಿದ ಗ್ಯಾಸ್ ಹೋಗುತ್ತದೆ, ಹಿಂದೆಯೇ ಕಂದು ಬಣ್ಣದ, ಮೂಗಿಗೆ ಹೊಡೆಯುವ ವಾಸನೆಯ ಎಣ್ಣೆ ಇಳಿಯುತ್ತದೆ. ಹೊಸ ವಾಷರ್ ಹಾಕಿ ಬಿಗಿ ಮಾಡಿ, ಬ್ಯಾಟರಿ ಜೋಡಿಸಿ, ವಾಲ್ವ್ ತೆರೆದು ಗ್ಯಾಸ್ ಮೇಲೆ ಓಡಿಸಿ, ಸೋಪಿನ ನೊರೆ ಹಚ್ಚಿ ಲೀಕ್ ನೋಡಿ. ನೀರಿನ ಬೋಲ್ಟ್ ಯಾವುದು, ಗ್ಯಾಸ್ ಬೋಲ್ಟ್ ಯಾವುದು ಎಂದು ಖಾತ್ರಿಯಿಲ್ಲದೆ ಕೈ ಹಾಕಬೇಡಿ.

ರೆಡ್ಯೂಸರ್‌ಗೂ ರೇಲ್‌ಗೂ ನಡುವಿನ ಗ್ಯಾಸ್ ಫಿಲ್ಟರನ್ನು 10,000 ಕಿ.ಮೀ.ಗೊಮ್ಮೆ ಬದಲಿಸಿ, ಧೂಳಿನ ರೂಟಿನ ಗಾಡಿಗೆ ಇನ್ನೂ ಬೇಗ. ಬಾಣದ ಗುರುತು ರೇಲ್ ಕಡೆಗೆ. ಕರೆಂಟಿನಿಂದ ತೆರೆದು ಮುಚ್ಚುವ ಎಲ್‌ಪಿಜಿ ಸೊಲೆನಾಯ್ಡ್ ವಾಲ್ವಿನೊಳಗೆ ಇನ್ನೊಂದು ಸಣ್ಣ ಫಿಲ್ಟರ್ ಇದೆ, ಅದನ್ನು ಮರೆಯುವವರೇ ಹೆಚ್ಚು. ಹೊಸದು ಹಾಕುವ ಮುಂಚೆ ಬಿಚ್ಚಿದ ಪೈಪಿನ ಬಾಯಿಗೆಲ್ಲ ಟೇಪ್ ಸುತ್ತಿ, ಧೂಳು ಒಳ ಹೋಗುವುದು ಆ ಎರಡು ನಿಮಿಷದಲ್ಲೇ.

ಹಳೇ ಫಿಲ್ಟರನ್ನು ಎಸೆಯಬೇಡಿ, ಕತ್ತರಿಸಿ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ರೋಗ ಎಲ್ಲಿದೆ ಎಂದು ಅದೇ ಹೇಳುತ್ತದೆ. ಕಾಗದ ಕಂದಾಗಿ ಒದ್ದೆಯಿದ್ದು ಬಟ್ಟೆಗೆ ಎಣ್ಣೆ ಇಳಿದರೆ ರೆಡ್ಯೂಸರ್ ತಣ್ಣಗಿದೆ, ಇಲ್ಲವೇ ಡ್ರೈನ್ ಮಾಡಿಲ್ಲ. ಕಪ್ಪು ಕಾಳು ಇದ್ದು ಬೆರಳಲ್ಲಿ ಉಜ್ಜಿದರೆ ಮಸಿಯಂತೆ ಹರಡಿದರೆ ಹೋಸಿನ ರಬ್ಬರ್. ಕಾಗದದ ಮೇಲೆ ಸ್ಪೀಕರ್ ಮ್ಯಾಗ್ನೆಟ್ ಆಡಿಸಿದಾಗ ಮುಳ್ಳು ಮುಳ್ಳಾಗಿ ಎದ್ದು ನಿಂತರೆ ಕಬ್ಬಿಣದ ಪುಡಿ: ಸಿಲಿಂಡರ್ ಅಥವಾ ಪೈಪಿನ ತುಕ್ಕು, ಇಲ್ಲವೇ ಮುಚ್ಚಳವಿಲ್ಲದ ಫಿಲ್ಲಿಂಗ್ ವಾಲ್ವ್.

ಅಂಟಿದ ಮೇಲೆ ತೊಳೆಯುವುದಾದರೆ

ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಗ್ಯಾಸ್ ಇಂಜೆಕ್ಟರನ್ನು ಮುಟ್ಟುವುದೇ ಇಲ್ಲ, ಎರಡರ ದಾರಿಯೇ ಬೇರೆ. ರೇಲ್ ಬಿಚ್ಚಬರುವಂಥದ್ದಾದರೆ ಪಿಸ್ಟನ್, ಸ್ಪ್ರಿಂಗ್‌ಗಳನ್ನು ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಡಿ. ಒಂದನೇ ಸಿಲಿಂಡರಿನದು ಒಂದನೆಯದಕ್ಕೇ ಹೋಗಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಥಿನ್ನರ್, ಪೆಟ್ರೋಲ್, ಕಾರ್ಬೊರೇಟರ್ ಸ್ಪ್ರೇ ತಗುಲಿದರೆ ತುದಿಯ ರಬ್ಬರ್ ಉಬ್ಬುತ್ತದೆ, ಪಿಸ್ಟನ್ ಏಳುವ ಅಳತೆಯೇ ಬದಲಾಗುತ್ತದೆ. ನಾಝಲ್‌ಗೆ ತಂತಿ ತೂರಿಸಬೇಡಿ. 2 ಮಿ.ಮೀ. ತೂತು 2.1 ಆದರೂ ಹಾದುಹೋಗುವ ಜಾಗ ಶೇಕಡಾ 10 ಹೆಚ್ಚಾಗುತ್ತದೆ. ಒಣಗಿದ ಪಿಸ್ಟನ್ನನ್ನು ಅದರ ಕೊಳವೆಯಲ್ಲಿ ಬಿಟ್ಟು ರೇಲ್ ವಾಲಿಸಿ. ಸ್ವಚ್ಛವಾದದ್ದು ತನ್ನ ಭಾರಕ್ಕೇ ಸರಕ್ಕನೆ ಜಾರುತ್ತದೆ, ಜಿಡ್ಡು ಉಳಿದಿದ್ದರೆ ತಡೆದು ತಡೆದು ಬರುತ್ತದೆ. ಎಣ್ಣೆ ಹಚ್ಚಬೇಡಿ. ಓ ರಿಂಗ್ ಹೊಸದು ಹಾಕಿ. ನಾಲ್ಕೂ ಕಾಯಿಲ್‌ಗಳ ಓಮ್ಸ್ ಮೀಟರ್‌ನಲ್ಲಿ ಒಂದೇ ಬರಬೇಕು. ಪಿಸ್ಟನ್ ಏಳುವ ಅಳತೆಯನ್ನು ಡಯಲ್ ಗೇಜ್ ಇಟ್ಟು ಕಂಪನಿ ಹೇಳಿದ ಸಂಖ್ಯೆಗೆ ನಾಲ್ಕಕ್ಕೂ ಸಮ ಮಾಡಿ. ಆಮೇಲೆ ಲ್ಯಾಪ್‌ಟಾಪ್ ಹಚ್ಚಿ ಕ್ಯಾಲಿಬ್ರೇಶನ್ ಮಾಡಿಸಲೇಬೇಕು. ಜಿಡ್ಡಿದ್ದಾಗ ಮಾಡಿದ ಸೆಟ್ಟಿಂಗ್ ಈಗ ಗ್ಯಾಸ್ ಹೆಚ್ಚು ಕೊಡುತ್ತದೆ.

ಸಿಎನ್‌ಜಿಯಲ್ಲಿ ಗ್ಯಾಸ್ ಸಾಮಾನ್ಯವಾಗಿ ಶುದ್ಧ. ಜಿಡ್ಡು ಬರುವುದು ಬಂಕಿನ ಕಂಪ್ರೆಸರ್ ಎಣ್ಣೆಯಿಂದ. 200 ಬಾರ್ ಒತ್ತಡ ರೆಡ್ಯೂಸರ್‌ನಲ್ಲಿ 2 ಬಾರ್ ಆಸುಪಾಸಿಗೆ ಬೀಳುವಾಗ ಗ್ಯಾಸ್ ಬಹಳ ತಣ್ಣಗಾಗಿ, ಮಂಜಿನಂತೆ ತೇಲುತ್ತಿದ್ದ ಎಣ್ಣೆ ಹನಿಯಾಗುತ್ತದೆ. ಹಾಗಾಗಿ ಬಿಸಿನೀರಿನ ಮಾತು ಇಲ್ಲಿಗೂ ಅನ್ವಯ. ಕಡಿಮೆ ಒತ್ತಡದ ಕಡೆಯ ಫಿಲ್ಟರ್ ಬದಲಿಸಬಹುದು. ಸಿಲಿಂಡರ್‌ನಿಂದ ರೆಡ್ಯೂಸರ್‌ವರೆಗಿನ ಸ್ಟೀಲ್ ಪೈಪನ್ನು ಅಧಿಕೃತ ಕೇಂದ್ರದವರು ಬಿಟ್ಟು ಯಾರೂ ಬಿಚ್ಚಬಾರದು.

ಇನ್ನು ಪೆಟ್ರೋಲ್ ಇಂಜೆಕ್ಟರ್. ವಾರಗಟ್ಟಲೆ ಬರೀ ಗ್ಯಾಸಿನಲ್ಲಿ ಓಡಿಸಿದರೆ ಅದರ ತುದಿಯಲ್ಲಿ ನಿಂತ ಪೆಟ್ರೋಲ್ ಎಂಜಿನ್ ಕಾವಿಗೆ ಒಣಗಿ ಅರಗಿನಂತಾಗುತ್ತದೆ. ದಿನಕ್ಕೆ ಎರಡು ಮೂರು ಕಿ.ಮೀ. ಪೆಟ್ರೋಲ್‌ನಲ್ಲಿ ಓಡಿಸಿ, ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಒಳಗಿನ ಪಂಪ್ ತಣ್ಣಗಿರುವುದು ಆ ಪೆಟ್ರೋಲ್‌ನಿಂದಲೇ.