ದೀಪಕ್ಕೆಲ್ಲಾ ರೆಕ್ಕಿ ಬಂದಾವಲ್ರೀ?

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ರಾತ್ರಿ ತೆಗೆದ ಫೋಟೊಗಳನ್ನು ಸ್ಟುಡಿಯೊದಲ್ಲಿ ನೋಡುತ್ತ ಕೂತಿದ್ದೆ. ಚಹಾ ತಂದ ಹುಡುಗ ಇಣುಕಿ ಕೇಳಿದ: "ಅಣ್ಣಾರ, ಮೂಲ್ಯಾಗಿನ ದೀಪಕ್ಕೆಲ್ಲಾ ರೆಕ್ಕಿ ಬಂದಾವಲ್ರೀ?" ಹೌದು. ನಡುವಿನ ಬಲ್ಬುಗಳು ದುಂಡಗಿದ್ದವು, ಅಂಚಿನವೆಲ್ಲ ಪಾತರಗಿತ್ತಿ.

ನನ್ನ ಹಳೆಯ ನಿಕ್ಕೋರ್ 35 ಎಂಎಂ ಎಫ್/1.4 ಲೆನ್ಸಿನ ಪ್ರತಾಪ ಅದು. ಮೊದಲು ಬಂದದ್ದು 1971ರಲ್ಲಿ. ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಕನ್ನಡಿ ಏಳಲು ಜಾಗ ಬೇಕು. ಹಾಗಾಗಿ ನಿಕಾನ್ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಬಳೆಯಿಂದ (ಮೌಂಟ್) ಫಿಲ್ಮಿಗೆ 46.5 ಮಿ.ಮೀ. ಅಂತರ. ಇದರಂಥ ವೈಡ್, ಅಂದರೆ ಅಗಲ ನೋಟದ, ಲೆನ್ಸನ್ನು ಅಷ್ಟು ದೂರ ನಿಲ್ಲಿಸಿ, ಬಾಯನ್ನೂ 1.4ರಷ್ಟು ಅಗಲ ತೆರೆದರೆ ಅಂಚಿಗೆ ಓರೆಯಾಗಿ ಬೀಳುವ ಕಿರಣಗಳು ಒಂದು ಚುಕ್ಕೆಯಲ್ಲಿ ಕೂಡುವುದಿಲ್ಲ. ಅದಕ್ಕೇ ಕೋಮಾ ಅನ್ನುವುದು. ಬಾಯನ್ನು 2.8ಕ್ಕೆ ಕಿರಿದು ಮಾಡಿದರೆ ರೆಕ್ಕೆ ಬಹುಪಾಲು ಮುದುಡುತ್ತದೆ. ಈಗ ಜಾತ್ರೆಯಲ್ಲಿ ಸೀರಿಯಲ್ ಸೆಟ್ ಮೂಲೆಗೆ ಬರದಂತೆ ನಿಲ್ಲುತ್ತೇನೆ, ಆಗದಿದ್ದರೆ 2.8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುವುದು.

ಇಟಗಿಯ ಮಹಾದೇವ ಗುಡಿಯಲ್ಲಿ ಮಾತ್ರ ಲೆಕ್ಕ ಉಲ್ಟಾ. 1112ರಲ್ಲಿ ಕಟ್ಟಿಸಿದ, ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿ. ಒಳಗೆ ಬಲ್ಬಿನ ಕಾಟವಿಲ್ಲ, ಬಾಗಿಲಿನ ಬೆಳಕು ಕಂಬದ ನುಣುಪಿಗೆ ಅಡ್ಡ ಬೀಳುತ್ತದೆ. ಅಲ್ಲಿ 1.4ರಲ್ಲೇ ತೆಗೆಯಬೇಕು. ಗೆರೆ ಚೂಪಾಗಿಯೇ ಇರುತ್ತದೆ, ಅದರ ಮೇಲೊಂದು ತೆಳು ಹೊಗೆಯಂಥ ಹೊಳಪು ಹರಡುತ್ತದೆ. ಹೊಸ ಲೆನ್ಸಿನಲ್ಲಿ ಅದೇ ಕಂಬ ನನಗೆ ಸಿಮೆಂಟಿನಂತೆ ಕಂಡಿತು. 30 ಸೆಂ.ಮೀ.ವರೆಗೆ ಹತ್ತಿರ ಹೋದರೂ ಕೆತ್ತನೆ ಕೆಡುವುದಿಲ್ಲ. ಫೋಕಸ್ ತಿರುಗಿಸಿದಂತೆ ಒಳಗಿನ ಗಾಜುಗಳ ನಡುವಿನ ಅಂತರವೂ ಬದಲಾಗುವಂತೆ ಮಾಡಿದ್ದಾರೆ.

ಇನ್ನು ಹಳದಿಯ ಕಥೆ. ಈ ಲೆನ್ಸಿನ ಮೊದಮೊದಲ ಪ್ರತಿಗಳ ಗಾಜಿನಲ್ಲಿ ಥೋರಿಯಂ ಎಂಬ ವಿಕಿರಣಶೀಲ ಲೋಹ ಇತ್ತು, ವರ್ಷ ಕಳೆದಂತೆ ಆ ಗಾಜು ಚಹಾದ ಬಣ್ಣಕ್ಕೆ ತಿರುಗುತ್ತದೆ. ನೇರಳಾತೀತ ಕಿರಣ ಬಿದ್ದರೆ ತಿಳಿಯಾಗುತ್ತದೆಂದು ಓದಿ, ಹಿಂಬದಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮಾಳಿಗೆ ಮೇಲಿಟ್ಟೆ. ಇಟ್ಟದ್ದು ಏಪ್ರಿಲ್‌ನಲ್ಲಿ, ನಮ್ಮೂರ ಬಿಸಿಲಿಗೆ! ಹಳದಿ ಹೋಗುವ ಮೊದಲೇ ಒಳಗಿನ ಗ್ರೀಸ್ ಕರಗಿ, ಲೆನ್ಸಿನ ಬಾಯಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳಿಗೆ ಇಳಿಯಿತು, ಎಲೆಗಳು ಅಂಟಿಕೊಂಡವು. ಬಿಚ್ಚಿ ತೊಳೆಸಲು ಒಂದು ಮದುವೆ ಆರ್ಡರಿನ ಮುಂಗಡವೇ ಹೋಯಿತು. ಆಮೇಲೆ ಡಿಸೆಂಬರ್‌ನಲ್ಲಿ, ಬೆಳಿಗ್ಗೆ ಹತ್ತರವರೆಗೆ ಮಾತ್ರ ಇಟ್ಟೆ. ಐದಾರು ವಾರ ಹಿಡಿಯಿತು. ಸ್ವಲ್ಪ ಹಳದಿ ಇನ್ನೂ ಇದೆ, ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಹೋಗುತ್ತದೆ.