ನಮ್ಮನೆ ಎಷ್ಟನೇ ಅಡಿ?

ಮಳೆಗಾಲ ಬಂತೆಂದರೆ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನ ಮಟ್ಟ ವಿಚಾರಿಸುವುದು. ಗರಿಷ್ಠ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್. 1996ರಲ್ಲಿ ಸಾಗರದಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಬಿಡಿ ಸುದ್ದಿಗಾರನಾದಾಗಿನಿಂದ ಹದಿನೆಂಟು ವರ್ಷ ಈ ಮೂರು ಸಾಲು ಕಳಿಸಿದ್ದೇನೆ. ನಿದ್ದೆಗಣ್ಣಲ್ಲೂ ಬರೆಯಬಲ್ಲೆ.

ಶುರುವಿನಲ್ಲಿ ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಬಸ್ಸು ಕೆಟ್ಟು ನಿಂತರೆ ಸುದ್ದಿಯೂ ಹಳಸಿತು. ಸಂಭಾವನೆ ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ. ತಿಂಗಳ ಕೊನೆಗೆ ನಮ್ಮ ಸುದ್ದಿಗಳನ್ನು ನಾವೇ ಕತ್ತರಿಸಿ, ಸ್ಕೇಲಿಟ್ಟು ಅಳೆದು, ಬಿಲ್ ಬರೆದು ಕಳಿಸಬೇಕು. ಆಗ ಅಂಟಿದ ಚಾಳಿಯೊಂದಿದೆ: ಸುದ್ದಿಗೆ ಬೇಕಾದ ಒಂದು ಮಾತು ಸಿಕ್ಕ ತಕ್ಷಣ ಪೆನ್ನು ಜೇಬಿಗೆ ಹಾಕಿ ಎದ್ದುಬಿಡುವುದು. ಅದನ್ನು ಬಿಡಿಸಿಕೊಳ್ಳಲು ಮುಂದೆ ಹತ್ತು ವರ್ಷ ಬೇಕಾಯಿತು.

ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಸುದ್ದಿಗೆ ಹಿನ್ನೀರಿನಾಚೆಯ ತುಮರಿ ಕಡೆ ಹೋಗಿದ್ದೆ. ಎಷ್ಟು ಜನ, ಎಷ್ಟು ಎಕರೆ, ಎಷ್ಟು ಅರ್ಜಿ ಎಂದು ಬರೆದುಕೊಂಡು ಎದ್ದೆ. ಜಗಲಿಯ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ಕೇಳಿದರು:

"ತಮ್ಮಾ, ನೀ ದಿನಾ ಇಷ್ಟಡಿ ಅಷ್ಟಡಿ ಅಂತ ಬರೀತ್ಯಂತಲ್ಲ, ಮೊಮ್ಮಗ ಓದ್ತಾನೆ. ನಮ್ಮನೆ ಎಷ್ಟನೇ ಅಡಿಗೆ ಮುಳುಗ್ತದೆ, ಗೊತ್ತಿದ್ಯಾ?"

ಗೊತ್ತಿರಲಿಲ್ಲ. 1964ರಲ್ಲಿ ಅಣೆಕಟ್ಟೆ ಮುಗಿದು ನೀರು ನಿಂತಿತು, ಊರುಗಳು ಮುಳುಗಿದವು ಎಂದಷ್ಟೇ ಗೊತ್ತಿದ್ದುದು. ಆದರೆ ಅವರ ಮನೆ ಒಂದು ಸಲ ಮುಳುಗಿ ಮುಗಿದಿದ್ದಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತಳಪಾಯದ ಕಲ್ಲು, ತುಳಸಿಕಟ್ಟೆ ಎದ್ದು ಕಾಣುತ್ತವೆ, ಮಳೆಗಾಲದಲ್ಲಿ ಮತ್ತೆ ಮುಳುಗುತ್ತವೆ. ಪ್ರತಿ ವರ್ಷ. ನಾನು ಕಳಿಸುತ್ತಿದ್ದ ಅಂಕಿಗಳಲ್ಲಿ ಯಾವುದೋ ಒಂದು ಅವರ ಹೊಸ್ತಿಲು.

ಸುದ್ದಿಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಅದನ್ನಿಟ್ಟುಕೊಂಡು ನಾಲ್ಕು ವರ್ಷ ಓಡಾಡಿ ಪುಸ್ತಕ ಬರೆದೆ. ಮೊದಲು ಹಿರೇಭಾಸ್ಕರ ಅಣೆಕಟ್ಟೆಗೆ, ಆಮೇಲೆ ಲಿಂಗನಮಕ್ಕಿಗೆ ಎಂದು ಎರಡೆರಡು ಸಲ ಮನೆ ಬಿಟ್ಟೆದ್ದವರು ಸಿಕ್ಕರು. (ಆ ಹಳೇ ಅಣೆಕಟ್ಟೆಯನ್ನೂ ಹೊಸದು ನುಂಗಿತು. ಬಿರುಬೇಸಿಗೆಯಲ್ಲಿ ಈಗಲೂ ತಲೆ ಎತ್ತುತ್ತದೆ.) ಪ್ರಕಾಶಕರು ಸಂಭಾವನೆಯ ಬದಲು ನಲವತ್ತು ಪ್ರತಿ ಕೊಟ್ಟರು. ಒಂದನ್ನು ಅಜ್ಜಿಗೆ ಕೊಟ್ಟೆ. ಮೊಮ್ಮಗ ಅವರದೇ ಮಾತಿನ ಪುಟ ತೆಗೆದು ಗಟ್ಟಿಯಾಗಿ ಓದಿದ. ಅಜ್ಜಿ ತಲೆ ಅಲ್ಲಾಡಿಸಿದರು: "ಇದು ನಾ ಹೇಳಿದ್ದಲ್ಲ. ಯಾರೋ ಮೇಷ್ಟ್ರು ಹೇಳಿದ ಹಂಗಿದೆ."

ನಿಜವೇ. ಅವರ ಮಾತನ್ನೆಲ್ಲ ತೊಳೆದು, ಇಸ್ತ್ರಿ ಹಾಕಿ ಅಚ್ಚಿಗೆ ಕೊಟ್ಟಿದ್ದೆ. ಜನರ ಮಾತನ್ನು ಅವರದೇ ದನಿಯಲ್ಲಿ ಕೇಳಿಸುವ ಪಾಡ್‌ಕಾಸ್ಟ್ ಕಡೆ ಹೋಗಿದ್ದು ಆ ಮಾತಿನಿಂದ. ತಂತ್ರಜ್ಞಾನದ ಮೋಹವೇನೂ ಇರಲಿಲ್ಲ.

ಮೊದಲ ಆರು ತಿಂಗಳ ರೆಕಾರ್ಡಿಂಗ್ ಬಹುಪಾಲು ದಂಡ. ಹಂಚಿನ ಮಾಡಿನ ಮೇಲೆ ಮಳೆ, ಮಳೆ ಬಿಟ್ಟರೆ ಜೀರುಂಡೆ, ಒಳಗೆ ಮಿಕ್ಸಿ, ಹೊರಗೆ ಗಾಳಿ. ಮಿಕ್ಸಿಯನ್ನು ಕೈಮುಗಿದು ನಿಲ್ಲಿಸಬಹುದು, ಜೀರುಂಡೆಯನ್ನು ಆಗುವುದಿಲ್ಲ. ಕಾಲರ್ ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು, ಕರಿಮಣಿ ಸರಕ್ಕೆ ತಾಗಕೂಡದು. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ, ಆ ಜಾಗದ ಬರೀ ಸದ್ದನ್ನು ಒಂದು ನಿಮಿಷ ಹಿಡಿದುಕೊಳ್ಳಬೇಕು. ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಮಾತು ಕತ್ತರಿಸಿ ಸೇರಿಸಿದ ಕಡೆ ತೇಪೆ ಹಚ್ಚಲು ಅದೇ ಬೇಕು. ನನ್ನ ನಿರೂಪಣೆಯನ್ನು ಕಂಬಳಿ ಹೊದ್ದು ರೆಕಾರ್ಡ್ ಮಾಡುತ್ತೇನೆ. ಏಪ್ರಿಲ್‌ನಲ್ಲಿ ಅದು ಶಿಕ್ಷೆಯೇ.

ಇದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ನಮ್ಮ ಕಡೆ ಹಿರಿಯರೆಲ್ಲ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರು. ಮೈಕು ಕಂಡರೆ ಸಾಕು, ಬೆನ್ನು ನೇರ ಮಾಡಿ "ಆತ್ಮೀಯ ಕೇಳುಗರೇ" ಎಂದು ಶುರು ಮಾಡುತ್ತಾರೆ. ತಡೆಯಲು ಹೋದರೆ ಮಾತೇ ನಿಲ್ಲುತ್ತದೆ. ಹಾಗಾಗಿ ಆ ಭಾಷಣ ಪೂರ್ತಿ ಆಗಲಿ ಎಂದು ಬಿಡುತ್ತೇನೆ. ಆಮೇಲೆ ಚಾ ಬರುತ್ತದೆ. ಕೆಂಪು ದೀಪ ತೋರಿಸಿ "ಇದು ಇನ್ನೂ ಓಡ್ತಾ ಇದೆ, ಬೇಡ ಅಂದ್ರೆ ಹೇಳಿ" ಎನ್ನುತ್ತೇನೆ. "ಇರ್ಲಿ ಬಿಡು" ಎಂದು ಲೋಟ ಕೈಗೆತ್ತಿಕೊಂಡ ಮೇಲೆ ಬರುವುದೇ ಮಾತು. ಮೊದಲಾಗಿದ್ದರೆ ಅಷ್ಟೊತ್ತಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದೆ.

ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚಿನಲ್ಲಿ ಕುಳಿತು ನಲವತ್ತು ನಿಮಿಷ ಬರೀ ಇಂಜಿನ್ ಸದ್ದು ಹಿಡಿದಿದ್ದೆ. ಜೊತೆಗಿದ್ದವರು ನಕ್ಕಿದ್ದರು. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಅದೇ ಜನ ಆ ಸದ್ದು ಕಳಿಸು ಎಂದು ಕೇಳುತ್ತಿದ್ದಾರೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ: ಇಲ್ಲ. ಮನೆ ನಡೆಯುವುದು ಒಂದೂವರೆ ಎಕರೆ ಅಡಿಕೆಯಿಂದ, ಅಷ್ಟಿಷ್ಟು ಅನುವಾದದಿಂದ. ನಮ್ಮ ಕೇಳುಗರು ಆ್ಯಪ್ ಹುಡುಕುವವರಲ್ಲ. ಇಪ್ಪತ್ತೈದು ನಿಮಿಷದ ಕಂತನ್ನು ಕುಗ್ಗಿಸಿ 64 ಕೆಬಿಪಿಎಸ್ ಮೋನೋ (ಒಂದೇ ಚಾನೆಲ್‌ನ ಹಗುರ ಕಡತ) ಮಾಡಿದರೆ ಸುಮಾರು 12 ಎಂಬಿ. ವಾಟ್ಸಾಪಿನಲ್ಲಿ ಹೋಗುತ್ತದೆ, ನೆಟ್‌ವರ್ಕ್ ಇರುವ ಗುಡ್ಡ ಹತ್ತಿದರೆ ಇಳಿಯುತ್ತದೆ.

ಅಜ್ಜಿಯ ಪ್ರಶ್ನೆ ಬಾಕಿಯಿತ್ತಲ್ಲ. ನೀರು ಚೆನ್ನಾಗಿ ಇಳಿದ ಒಂದು ಬೇಸಿಗೆಯಲ್ಲಿ ಅವರ ಮೊಮ್ಮಗನ ಜೊತೆ ಕೆಸರು ತುಳಿದು ಆ ಜಾಗಕ್ಕೆ ಹೋಗಿ ಹೊಸ್ತಿಲಿನ ಕಲ್ಲು ಗುರುತಿಸಿದೆವು. ಮಳೆ ಹಿಡಿದ ಮೇಲೆ ಅವನು ಎರಡು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದ. ಒಂದು ಬೆಳಿಗ್ಗೆ ಫೋನ್ ಮಾಡಿ "ಅಣ್ಣಾ, ಕಲ್ಲಿಗೆ ಮುಟ್ತು" ಎಂದ. ಅಣೆಕಟ್ಟೆಯ ಅಂದಿನ ಮಟ್ಟ ಕೇಳಿದೆ. 1771 ಅಡಿ.

ಭಾನುವಾರ ರೆಕಾರ್ಡರ್ ಹಿಡಿದುಕೊಂಡು ಹೋಗಿ ಅಜ್ಜಿಗೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆ ಹೊತ್ತನ್ನು ಕಂತಿನಲ್ಲಿ ಕತ್ತರಿಸದೆ ಹಾಗೇ ಬಿಟ್ಟಿದ್ದೇನೆ, ಹಿಂದೆ ಮಳೆ ಕೇಳಿಸುತ್ತದೆ.

"ಹೊಸ್ತಿಲು ಆಯ್ತು ತಮ್ಮಾ," ಎಂದರು. "ಕೊಟ್ಟಿಗೆ ಅದಕ್ಕಿಂತ ಕೆಳಗಿತ್ತಲ್ಲ. ಅದು ಎಷ್ಟು?"