ಏಜೆಂಟ್ ಇಲ್ಲದೆ ಆಲ್ ಇಂಡಿಯಾ ಮಾಡಿಸಿಕೊಂಡೆ

ನನ್ನ ಪಿಸ್ತೂಲ್ ಲೈಸೆನ್ಸ್‌ನಲ್ಲಿ, ಅದು ಎಲ್ಲೆಲ್ಲಿ ನಡೆಯುತ್ತದೆ ಅನ್ನುವ ಜಾಗದಲ್ಲಿ ‘ಕರ್ನಾಟಕ’ ಅಂತಿದ್ದ ಕಡೆ ಈಗ ‘ಇಡೀ ಭಾರತ’ ಅಂತಿದೆ. ಅದನ್ನು ನೋಡಿ ನಮ್ಮ ಸೈನ್ಯದ ಯೂನಿಟ್‌ನ ಹವಾಲ್ದಾರ್ ಎರಡು ಸಲ ಕನ್ನಡಕ ಒರೆಸಿಕೊಂಡರು. ‘ಇಪ್ಪತ್ತು ಸಾವಿರ ಬಿಚ್ಚದೆ ಆಗಲ್ಲ ಸಾಬ್’ ಅಂದಿದ್ದವರು ಇವರೇ.

ನನ್ನದು ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯ .32 ಬೋರ್ ಪಿಸ್ತೂಲು. ತಗೊಂಡ ವರ್ಷಕ್ಕೇ ಉತ್ತರ ಪ್ರದೇಶದ ಝಾನ್ಸಿಗೆ ಪೋಸ್ಟಿಂಗ್ ಬಂತು. ಲೈಸೆನ್ಸ್ ರಾಜ್ಯ ದಾಟುವಂತಿರಲಿಲ್ಲ. ಊರಲ್ಲಿ ಬಂದೂಕು ಡೀಲರ್ ಹತ್ತಿರ ಇಟ್ಟು ಹೋದೆ, ತಿಂಗಳಿಗೆ ಮುನ್ನೂರೋ ಏನೋ. ಮೂರು ವರ್ಷಕ್ಕೆ ಲೆಕ್ಕ ಹಾಕಿ. ರಜೆಗೆ ಬಂದು ನೋಡಿದರೆ ಎಣ್ಣೆ ಒಣಗಿ ಅಂಟಾಗಿತ್ತು, ಸ್ಲೈಡ್ ಎಳೆದರೆ ಗರಗರ ಅನ್ನುತ್ತಿತ್ತು. ಹೊಟ್ಟೆ ಉರಿಯಿತು.

ಆಲ್ ಇಂಡಿಯಾ ಕೇಳಿದ ಮೊದಲ ಅರ್ಜಿಯಲ್ಲಿ ಕಾರಣ ‘ಸ್ವರಕ್ಷಣೆ’ ಅಂತ ಮಾತ್ರ ಬರೆದಿದ್ದೆ. ವಾಪಸ್ ಬಂತು. ಎರಡನೇ ಸಲ ಒಬ್ಬ ಏಜೆಂಟ್ ಎಂಟು ಸಾವಿರ ನುಂಗಿ ಫೋನ್ ಎತ್ತುವುದನ್ನೇ ಬಿಟ್ಟ. ಮೂರನೇ ಸಲ ಲೈಸೆನ್ಸ್ ಕಚೇರಿಯ ಕೇಸ್ ವರ್ಕರ್ ದೊಡ್ಡ ಉಪಕಾರ ಮಾಡುವವರ ಹಾಗೆ, ‘ಪಕ್ಕದ ಮೂರು ರಾಜ್ಯ ಬೇಕಾದರೆ ಕೇಳಿ’ ಅಂದರು. ಕರ್ನಾಟಕದ ಪಕ್ಕ ಉತ್ತರ ಪ್ರದೇಶ ಎಲ್ಲಿಂದ ಬರಬೇಕು?

ದಾರಿ ಸಿಕ್ಕಿದ್ದು ಕೇಂದ್ರ ಗೃಹ ಇಲಾಖೆಯ 2010ರ ಮಾರ್ಗಸೂಚಿಯಲ್ಲಿ. ಆಲ್ ಇಂಡಿಯಾ ಯಾರಿಗೆ ಕೊಡಬಹುದು ಅನ್ನುವ ಪಟ್ಟಿಯಲ್ಲಿ ಮಂತ್ರಿ, ಸಂಸದರ ಜೊತೆಗೆ ಸೈನ್ಯದವರೂ ಇದ್ದೇವೆ. ಆ ಪುಟದ ಪ್ರತಿ, ಯೂನಿಟ್‌ನ ಮುಖ್ಯಸ್ಥರಾದ ಸಿಒ ಸಾಹೇಬರ ಶಿಫಾರಸು, ಹತ್ತು ವರ್ಷದ ಪೋಸ್ಟಿಂಗ್ ಪಟ್ಟಿ, ಯುಐಎನ್ (ಲೈಸೆನ್ಸ್ ಇರುವವರಿಗೆ ಕೊಡುವ ಗುರುತಿನ ನಂಬರ್) ಎಲ್ಲ ಒಟ್ಟಿಗೆ ಕಟ್ಟಿ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ತಗೊಂಡೆ. ಕವರಿಂಗ್ ಲೆಟರ್‌ನ ಮೊದಲ ಸಾಲು ಏನಿತ್ತು ಅಂತ ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ಮೂರು ರಜೆ ಸುಟ್ಟಿದ್ದೇನೆ. ನಡುವೆ 2023ರ ವಿಧಾನಸಭೆ ಚುನಾವಣೆ ಬಂತು. ಊರವರ ಬಂದೂಕೆಲ್ಲ ಠಾಣೆಗೆ, ನನ್ನ ಫೈಲು ಮೂಲೆಗೆ. ಈ ಅರ್ಜಿಗೆ ಒಟ್ಟು ಏಳೆಂಟು ತಿಂಗಳು. ಏಜೆಂಟ್ ನುಂಗಿದ್ದು ಬಿಟ್ಟರೆ ಶುಲ್ಕ, ಜೆರಾಕ್ಸ್, ಬಸ್ಸು ಎಲ್ಲ ಸೇರಿ ಐದು ಸಾವಿರ ದಾಟಿಲ್ಲ.

ಈ ಗಲಾಟೆ ನಡುವೆ ಹೋಲ್ಸ್ಟರ್ ಹುಚ್ಚೂ ಹತ್ತಿತ್ತು. 2016ರ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಪೂರ್ತಿ ಮುಚ್ಚಿರಬೇಕು. ಸೊಂಟದ ಮೇಲೆ ಮೆರೆಸುವುದೆಲ್ಲ ಸಿನಿಮಾಕ್ಕೆ. ಟೈಲರ್ ಕೈಲಿ ಕ್ಯಾನ್ವಾಸ್ ಚೀಲ ಹೊಲಿಸಿ ಬನಿಯನ್ ಮೇಲೆ ಕಟ್ಟಿಕೊಂಡೆ. ಊರಿನ ಬಿಸಿಲಿಗೆ ಬೆವರು ಕುಡಿದು ಒಂದೇ ವಾರದಲ್ಲಿ ಹಿಡಿಯ ಸ್ಕ್ರೂ ತುಕ್ಕು. ಈಗ ಚರ್ಮದ್ದು, ಅಂಗಿಯ ಹೊರಗೆ, ಮೇಲೊಂದು ಜಾಕೆಟ್. ಬೆಲೆ ಕೇಳಬೇಡಿ, ಮನೆಯವಳು ಇದನ್ನು ಓದುತ್ತಾಳೆ.

ನಮ್ಮ ಕೊಡಗಿನ ಗೆಳೆಯ ಇದನ್ನೆಲ್ಲ ನೋಡಿ ನಗುತ್ತಿದ್ದ. ಅವನ ಮನೆ ಕೋವಿಗೆ ಲೈಸೆನ್ಸೇ ಬೇಡ, ವಿನಾಯಿತಿ ಇದೆ ಅಲ್ವಾ.

ಕಳೆದ ಸಲ ರಜೆ ಮುಗಿಸಿ ಪಿಸ್ತೂಲನ್ನು ರೈಲಿನಲ್ಲೇ ತಗೊಂಡು ಬಂದೆ. ಮ್ಯಾಗಜೀನ್ ಖಾಲಿ, ತೋಟಾ ಬೇರೆ ಡಬ್ಬಿಯಲ್ಲಿ, ಲೈಸೆನ್ಸ್ ಮತ್ತು ಮೂವ್‌ಮೆಂಟ್ ಆರ್ಡರ್ (ಸೈನ್ಯದ ಪ್ರಯಾಣ ಆದೇಶ) ಜೇಬಿನಲ್ಲಿ. ದಾರಿಯಲ್ಲಿ ಒಂದೇ ಕಡೆ ಕೇಳಿದರು. ‘ಇಡೀ ಭಾರತ’ ಅಂತಿರುವ ಪುಟ ತೆರೆದು ತೋರಿಸಿದೆ. ಯೂನಿಟ್ ತಲುಪಿದ್ದೇ ನೇರ ಕೋತ್‌ಗೆ (ಯೂನಿಟ್‌ನ ಆಯುಧ ಕೋಣೆಗೆ) ಹೋಗಿ ಜಮಾ ಮಾಡಿದೆ. ರಿಜಿಸ್ಟರ್‌ನಲ್ಲಿ ನಂಬರ್ ಬರೆದುಕೊಂಡವರು ಅದೇ ಹವಾಲ್ದಾರ್. ಬರೆದು ಮುಗಿಸಿ, ‘ಸಾಬ್, ಆ ಮೊದಲ ಸಾಲು…’ ಅಂದರು.